ದೂರಿಲ್ಲದ ಸೊಸೆ, ಕಾಣದ ಡಿಸ್ಕು

ನನ್ನ ಅತ್ತೆ ಪುಟ್ಟಗೌರಮ್ಮ ಬಹಳ ಒಳ್ಳೆಯವರು. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ನಾನು ಮದುವೆಯಾಗಿ ಬಂದ ಈ ಊರಿನಲ್ಲಿ ಹೊರಗಿನಿಂದ ಬಂದವರು ಯಾರೇ ಆಗಲಿ, ಮನೆಯ ಹಿರಿಯರು ಪರಿಚಯ ಮಾಡಿಕೊಡುವ ತನಕ ಕಣ್ಣಿಗೆ ಕಾಣುವುದಿಲ್ಲ. ಮಾತು ಕೇಳಿಸುತ್ತದೆ, ಮನುಷ್ಯರು ಕಾಣುವುದಿಲ್ಲ. ಪರಿಚಯವೆಂದರೆ ಮೂರೇ ಮಾತು. ಹೆಸರು, ಯಾರ ಕಡೆಯವರು, ಮತ್ತು ಒಂದು ದೂರು. ಮೊದಲೆರಡು ಬರೀ ಶಾಸ್ತ್ರಕ್ಕೆ, ಕಾಣಿಸುವುದು ಮೂರನೆಯದರಿಂದ. ಪಕ್ಕದ ಬೀದಿಯ ಸೊಸೆಯೊಬ್ಬಳು ಹೊಸಿಲು ದಾಟುವ ಮೊದಲೇ ಊರಿಗೆಲ್ಲ ಕಂಡಿದ್ದಳಂತೆ. ಅವಳ ಅತ್ತೆ ಅಷ್ಟು ಸಮರ್ಥೆ.

ನನ್ನ ಅತ್ತೆಯ ಬಾಯಲ್ಲಿ ಮಾತ್ರ ದೂರು ಹುಟ್ಟಿದ್ದೇ ಇಲ್ಲ. ಹಾಲಿನವನು ನೀರು ಬೆರೆಸಿದರೆ ‘ಪಾಪ, ಹಸು ಜಾಸ್ತಿ ನೀರು ಕುಡಿದಿರಬೇಕು’ ಎನ್ನುವವರು ಅವರು. ಎಂಟು ತಿಂಗಳು ನಾನು ಅವರಿಗೆ ಮಾಡದ ಉಪಕಾರವಿಲ್ಲ. ಸಾರಿಗೆ ಮೂರು ಚಮಚ ಉಪ್ಪು ಹಾಕಿದೆ. ಒಂದು ತುತ್ತು ತಿಂದು, ಎರಡು ಲೋಟ ನೀರು ಕುಡಿದು, ‘ಬೇಸಿಗೇಲಿ ಮೈಗೆ ಉಪ್ಪು ಬೇಕಮ್ಮ, ಒಳ್ಳೇದು ಮಾಡ್ದೆ’ ಎಂದರು. ಸೌಟು ಬಚ್ಚಿಟ್ಟೆ. ‘ಮನೆ ಅಂದ್ಮೇಲೆ ಸೌಟು ಕಳೀದೆ ಇರುತ್ತಾ’ ಎಂದು ಲೋಟದಲ್ಲೇ ಸಾರು ಬಡಿಸಿದರು. ಉಪ್ಪು ಜಾಸ್ತಿ ಅಂತ ಒಂದು ಸಲ ಹೇಳಿಬಿಡಿ ಅತ್ತೆ ಎಂದು ನಾನೇ ಗೋಗರೆದರೆ, ‘ಸುಳ್ಳು ದೂರು ಅಂಟಲ್ಲ ವನಮಾಲ, ಹೊಟ್ಟೆಯಿಂದ ಬರ್ಬೇಕು’ ಎನ್ನುತ್ತಿದ್ದರು. ಹೀಗೆನ್ನುವಾಗ ಅವರ ಕಣ್ಣು ನನ್ನ ಎಡಭುಜದ ಪಕ್ಕದಲ್ಲಿ, ನನ್ನ ತಲೆಗಿಂತ ಒಂದು ಗೇಣು ಮೇಲೆ ಇರುತ್ತಿತ್ತು. ನಾನು ಅಷ್ಟು ಎತ್ತರದವಳೆಂದು ಅವರ ಲೆಕ್ಕ.

ಪರಿಚಯವಾಗದವರು ಬೀದಿಯಲ್ಲಿ ಓಡಾಡುವಾಗ ಕೈಯಲ್ಲಿ ಈ ಊರಿನದೊಂದು ತಂಬಿಗೆ ಹಿಡಿದಿರಬೇಕು. ಉಟ್ಟ ಸೀರೆ ಕಾಣುವುದಿಲ್ಲ, ಹಿಡಿದ ತಂಬಿಗೆ ಕಾಣುತ್ತದೆ. ಯಾಕೆ ಎಂದು ಕೇಳಬೇಡಿ, ನಾನೂ ಕೇಳಿ ಸೋತಿದ್ದೇನೆ. ತಂಬಿಗೆಯೊಂದು ಗಾಳಿಯಲ್ಲಿ ಬರುವುದನ್ನು ಕಂಡರೆ ಜನ ದಾರಿ ಬಿಡುತ್ತಾರೆ, ಸೈಕಲ್ಲಿನವರು ಬೆಲ್ಲು ಹೊಡೆಯುತ್ತಾರೆ, ತರಕಾರಿಯವಳು ಬೆಂಡೆಕಾಯಿಯನ್ನು ತಂಬಿಗೆಯೊಳಕ್ಕೇ ಹಾಕುತ್ತಾಳೆ. ಒಂದು ಕಿಲೋ ಬೆಂಡೆಕಾಯಿಯನ್ನು ತಂಬಿಗೆಗೆ ತುಂಬುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಹೆಸರು ಕೂಡ ಉಳಿದಿರಲಿಲ್ಲ. ಎಲ್ಲರಿಗೂ ನಾನು ತಂಬಿಗೆಯವಳು.

ನನ್ನನ್ನು ನೋಡಬಲ್ಲವನು ಒಬ್ಬನೇ, ನನ್ನ ಗಂಡ ಚಿದಂಬರ. ಶಾಲೆಯಲ್ಲಿ ಗುಮಾಸ್ತನಾದ ಅವನು ಕೆಟ್ಟ ಪ್ರಿಂಟರೊಂದನ್ನು ಹೊತ್ತುಕೊಂಡು ನಮ್ಮೂರಿಗೆ, ನಮ್ಮಪ್ಪನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದ. ರಿಪೇರಿ ಮಾಡಿದ್ದು ನಾನು. ಆಮೇಲೆ ಆ ಪ್ರಿಂಟರು ವಾರಕ್ಕೊಮ್ಮೆ ಕೆಡತೊಡಗಿತು, ಮುಂದಿನದನ್ನು ಹೇಳಬೇಕಾಗಿಲ್ಲ. ಊರ ಹೊರಗೆ ನೋಡಿದವರಿಗೆ ಒಳಗೂ ಕಾಣುತ್ತದೆ, ಅತ್ತೆ ಮಾತ್ರ ಮದುವೆಗೂ ಊರ ಗಡಿ ದಾಟಿದವರಲ್ಲ. ಹಾಗಾದರೆ ಅವನೇ ದೂರು ಹೇಳಬಾರದೇ ಎಂದು ಪೌರಸಭೆಯ ಕಚೇರಿಯಲ್ಲಿ ವಿಚಾರಿಸಿದ್ದೆವು. ಅಲ್ಲಿನ ಗುಮಾಸ್ತರಾದ ಶೇಷಗಿರಿಯವರು ಕನ್ನಡಕ ಒರೆಸುತ್ತಾ, ‘ಗಂಡ ಹೇಳೋದು ದೂರು ಅನ್ನಿಸಿಕೊಳ್ಳಲ್ಲ, ಅದು ಅಭ್ಯಾಸ’ ಎಂದಿದ್ದರು.

ಇದಕ್ಕೆಲ್ಲ ಗಡುವಿತ್ತು, ಒಂಬತ್ತು ತಿಂಗಳು. ಅಷ್ಟರೊಳಗೆ ಹಿರಿಯರು ಹೇಳಿದ ದೂರು ಪೌರಸಭೆಯ ಕಂಪ್ಯೂಟರಿನಲ್ಲಿ ದಾಖಲಾಗಬೇಕು. ಆಗದಿದ್ದರೆ ಆಮೇಲೆ ಯಾರು ಏನು ಬೈದರೂ ಅಂಟುವುದಿಲ್ಲ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಒಂದು ಕೆಮ್ಮು ಕೂತಿದೆ. ಮೂವತ್ತು ವರ್ಷದ ಹಿಂದೆ ವಿಮೆ ಮಾಡಿಸಲು ಬಂದ ಏಜೆಂಟನಂತೆ. ಅವನ ಪರಿಚಯ ಯಾರೂ ಮಾಡಿಕೊಡಲಿಲ್ಲ, ಊರು ಬಿಡಲು ಅವನಿಗೂ ಮನಸ್ಸಾಗಲಿಲ್ಲ. ಮೊದಮೊದಲು ಮಾತಾಡುತ್ತಿದ್ದನಂತೆ. ಈಗ ಕೆಮ್ಮು ಮಾತ್ರ ಉಳಿದಿದೆ, ಜನ ಅದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ನಾನು ಆ ಕಟ್ಟೆಯ ಮುಂದೆ ಹಾಯುವಾಗಲೆಲ್ಲ ತಂಬಿಗೆಯನ್ನು ಎದೆಗವಚಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಒಂಬತ್ತನೆಯ ತಿಂಗಳು ಒಂದು ಸೋಮವಾರ ಸಂಜೆ ಐದಕ್ಕೆ ಮುಗಿಯುವುದಿತ್ತು.

ಅದರ ಹಿಂದಿನ ವಾರವೇ ಪೌರಸಭೆಯ ಕಂಪ್ಯೂಟರು ಕೈಕೊಟ್ಟಿತು. ಹದಿನೆಂಟು ವರ್ಷದ ಹಳೆಯ ಪೆಟ್ಟಿಗೆ ಅದು, ಊದಾ ಬಣ್ಣದ ಹೊದಿಕೆ ಹೊದ್ದು ಶೇಷಗಿರಿಯವರ ಮೇಜಿನ ಪಕ್ಕ ಕೂತಿರುತ್ತಿತ್ತು. ಅದರೊಳಗಿನ ಹಾರ್ಡ್ ಡಿಸ್ಕು ಇದ್ದ ಹೆಸರುಗಳನ್ನು ಹೇಗೋ ಓದುತ್ತಿತ್ತು. ಹೊಸ ಹೆಸರು ಬರೆ ಎಂದರೆ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಶೇಷಗಿರಿಯವರು ಅಂಗಡಿಯಿಂದ ಹೊಸ ಡಿಸ್ಕು ತರಿಸಿದರು. ಹೊರಗಿನ ಸಾಮಾನಿಗೂ ಇಲ್ಲಿ ಪರಿಚಯ ಬೇಕು, ಆದರೆ ಸಾಮಾನಿಗೆ ಬಾಯಿಮಾತು ಸಾಕು, ದಾಖಲೆ ಬೇಡ. ‘ಇದು ಹಾರ್ಡ್ ಡಿಸ್ಕು, ನಮ್ಮ ಅಂಗಡೀದು, ದೂರು ಏನಪ್ಪಾ ಅಂದ್ರೆ ಡಬ್ಬಿ ದೊಡ್ಡದು, ಒಳಗಿರೋದು ಚಿಕ್ಕದು’ ಎಂದು ಅಂಗಡಿಯವನು ಹೇಳಿದ ಕೂಡಲೇ ಅದು ಎಲ್ಲರ ಕಣ್ಣಿಗೂ ಬಿತ್ತು. ಕಂಪ್ಯೂಟರಿನ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಬೇರೆ ಊರಿನಲ್ಲಾಗಿದ್ದರೆ ತಂತಿ ಎಳೆದು ನೋಡುತ್ತಿದ್ದರು. ಈ ಊರಿನಲ್ಲಿ ಸಭೆ ಕರೆದರು. ಹದಿನೆಂಟು ವರ್ಷ ಈ ಊರಿನ ನೀರು ಗಾಳಿ ಕಂಡ ಕಂಪ್ಯೂಟರು ಈ ಊರಿನ ಪದ್ಧತಿಯನ್ನೇ ಕಲಿತಿದೆ, ಅದಕ್ಕೆ ಪ್ರತ್ಯೇಕವಾಗಿ ಪರಿಚಯ ಮಾಡಿಕೊಡಬೇಕು ಎಂದು ತೀರ್ಮಾನವಾಯಿತು. ಶುಕ್ರವಾರ ಬೆಳಗ್ಗೆ ಅಧ್ಯಕ್ಷರಾದ ಧರಣೇಂದ್ರಯ್ಯನವರು ಶಾಲು ಹೊದ್ದು ಬಂದು, ಕಂಪ್ಯೂಟರಿನ ಎದುರು ನಿಂತು, ಕೆಮ್ಮಿ ಗಂಟಲು ಸರಿಮಾಡಿಕೊಂಡರು. ನಾನು ತಂಬಿಗೆ ಹಿಡಿದು ಬಾಗಿಲಲ್ಲಿದ್ದೆ.

‘ಇದು ಹಾರ್ಡ್ ಡಿಸ್ಕು. ನಮ್ಮ ಪೌರಸಭೆಯದು. ಐನೂರು ಜಿಬಿ, ಮೂರು ವರ್ಷ ಗ್ಯಾರಂಟಿ, ನನ್ನ ಅಧಿಕಾರಾವಧಿಯಲ್ಲಿ ತಂದದ್ದು’ ಎಂದರು.

‘ದೂರು ಹೇಳಿ ಸರ್’ ಎಂದು ಶೇಷಗಿರಿಯವರು ಪಿಸುಗುಟ್ಟಿದರು.

‘ನನ್ನ ಅಧಿಕಾರಾವಧಿಯಲ್ಲಿ ತಂದದ್ದಕ್ಕೆ ದೂರು ಎಂಥದ್ರೀ?’

ಕಂಪ್ಯೂಟರು ಆನ್ ಆಯಿತು, ಹಳೆಯ ಡಿಸ್ಕಿನ ಹೆಸರು ತೋರಿಸಿತು, ಹೊಸದರ ಜಾಗದಲ್ಲಿ ಏನೂ ಇಲ್ಲ ಎಂದಿತು. ನಾನು ತಡೆಯಲಾರದೆ ನಕ್ಕುಬಿಟ್ಟೆ. ಅಧ್ಯಕ್ಷರು ತಂಬಿಗೆಯ ಕಡೆ ತಿರುಗಿದರು. ಕಾಣದವರು ಪೌರಸಭೆಯ ಯಂತ್ರವನ್ನು ಮುಟ್ಟಕೂಡದು, ಅದರ ಬಗ್ಗೆ ನಗಕೂಡದು ಎಂದು ಅಲ್ಲೇ ಎರಡು ನಿಯಮ ಮಾಡಿ ಹೊರಟುಹೋದರು.

ಅವರು ಹೋದ ಮೇಲೆ ಶೇಷಗಿರಿಯವರು ಕುರ್ಚಿಯಲ್ಲಿ ಕುಸಿದರು. ಮುಂದಿನ ತಿಂಗಳು ಅವರ ನಿವೃತ್ತಿ. ‘ತಂಗಿ, ನಿಂಗೆ ಇದೆಲ್ಲ ಬರುತ್ತೆ ಅಂತ ಚಿದಂಬರ ಹೇಳ್ತಿದ್ದ, ನಿಜಾನಾ?’ ಎಂದು ತಂಬಿಗೆಯನ್ನು ಕೇಳಿದರು.

‘ಹತ್ತು ವರ್ಷ ಅದೇ ಕೆಲಸ ಮಾಡಿದೀನಿ. ಆದ್ರೆ ನಿಯಮ?’

‘ಯಾರಾದ್ರೂ ಕೇಳಿದ್ರೆ ಮೇಜಿನ ಮೇಲೆ ತಂಬಿಗೆ ಇತ್ತು ಅಂತೀನಿ. ನಿಜಾನೇ ಅಲ್ವಾ.’

ಶನಿವಾರ ಕಚೇರಿಯ ಸ್ಕ್ರೂಡ್ರೈವರು ಗಾಳಿಯಲ್ಲಿ ಕುಣಿಯಿತು. ಪೆಟ್ಟಿಗೆಯ ಮಗ್ಗುಲು ಬಿಚ್ಚಿದೆ. ಒಳಗೆ ಹದಿನೆಂಟು ವರ್ಷದ ಧೂಳು, ಎರಡು ಜಿರಲೆ, ಒಂದು ಅರ್ಜಿ. ಧೂಳು ಊದಿ, ಜಿರಲೆಗಳನ್ನು ಬೀಳ್ಕೊಟ್ಟು, ಅರ್ಜಿಯನ್ನು ಶೇಷಗಿರಿಯವರ ಕೈಗಿಟ್ಟೆ. ಅವರು ಓದಿ ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಹೊಸ ಡಿಸ್ಕಿಗೆ ಕರೆಂಟು ಬರುತ್ತಿದೆಯೇ ಎಂದು ಅಂಗೈ ಇಟ್ಟು ನೋಡಿದೆ. ಒಳಗೆ ಸಣ್ಣಗೆ ತಿರುಗುತ್ತಿತ್ತು, ಜೀವವಿತ್ತು. ತಂತಿ ಬದಲಿಸಿದೆ. ಒಂದು ಸಾಕೆಟ್ಟಿನಿಂದ ತೆಗೆದು ಪಕ್ಕದ್ದಕ್ಕೆ ಚುಚ್ಚಿದೆ. ಆನ್ ಮಾಡಿದ ಕೂಡಲೇ ಡಿಲೀಟ್ ಒತ್ತಿ ನೀಲಿ ಪರದೆಯ ಸೆಟಪ್ಪಿಗೆ ಹೋಗಿ, ಆ ಸಾಕೆಟ್ಟನ್ನು ಯಾರಾದರೂ ಮುಚ್ಚಿಟ್ಟಿದ್ದಾರೆಯೇ ಎಂದು ಹುಡುಕಿದೆ. ತೆರೆದೇ ಇತ್ತು. ಆದರೂ ಅಲ್ಲಿ ಬಂದದ್ದು ಅದೇ ಉತ್ತರ, ಇಲ್ಲಿ ಯಾರೂ ಇಲ್ಲ. ಹತ್ತಿರ ಹತ್ತಿರ ಒಂಬತ್ತು ತಿಂಗಳಿಂದ ಊರು ನನ್ನ ಬಗ್ಗೆ ಹೇಳುತ್ತಿದ್ದುದೂ ಅದನ್ನೇ, ಹಾಗಾಗಿ ನನಗೆ ಆ ಡಿಸ್ಕಿನ ಮೇಲೆ ವಿಪರೀತ ಮಮತೆ ಬಂತು.

ಭಾನುವಾರ ಚಿದಂಬರ ಶಾಲೆಯ ಬೀಗ ತೆಗೆದ. ಅಲ್ಲಿನ ಕಂಪ್ಯೂಟರು ನಾಲ್ಕು ವರ್ಷದ್ದು. ಡಿಸ್ಕನ್ನು ಅದಕ್ಕೆ ಸಿಕ್ಕಿಸಿದ ಕೂಡಲೇ ಹೆಸರು ಹೇಳಿ ಕರೆಯಿತು. ಅಂದರೆ ಡಿಸ್ಕು ಸರಿಯಾಗಿದೆ, ಪೌರಸಭೆಯ ಕಂಪ್ಯೂಟರೂ ಸರಿಯಾಗಿದೆ, ಇಬ್ಬರ ನಡುವೆ ಮಾತ್ರ ಏನೋ ಸರಿಯಿಲ್ಲ. ಈ ಸುದ್ದಿ ಅಧ್ಯಕ್ಷರಿಗೆ ಮುಟ್ಟಿದಾಗ, ‘ಶಾಲೆಯ ಕಂಪ್ಯೂಟರಿಗೆ ಸಂಸ್ಕಾರ ಇಲ್ಲ, ದಾರಿಯಲ್ಲಿ ಹೋಗೋರನ್ನೆಲ್ಲ ಒಳಗೆ ಕರೆಯುತ್ತೆ’ ಎಂದರಂತೆ.

ಆ ದಿನ ಊಟಕ್ಕೆ ಕೂತಾಗ ಚಿದಂಬರ ಮೆಲ್ಲಗೆ, ‘ನಾಳೆ ಆಗದಿದ್ರೆ ನಿಮ್ಮೂರಿಗೇ ಹೋಗೋಣ. ಅಲ್ಲಿ ಹೊರಗಿನವನಾದ ನಾನೂ ಎಲ್ಲರಿಗೂ ಕಾಣ್ತೀನಲ್ಲ’ ಎಂದ. ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಇನ್ನೊಂದು ಸೌಟು ಹುಳಿಯನ್ನು, ಕಾಣದ ನನಗೆಂದು ಅಂದಾಜಿನ ಮೇಲೆ, ನೆಲಕ್ಕೆ ಬಡಿಸಿದರು.

ಸೋಮವಾರ ಒಂಬತ್ತಕ್ಕೇ ಕಚೇರಿಗೆ ಹೋದೆ. ಮಧ್ಯಾಹ್ನದ ತನಕ ಮಾಡಿದ್ದನ್ನೇ ಮಾಡಿದೆ. ಒಂದು ಗಂಟೆಗೆ ಅತ್ತೆ ಡಬ್ಬಿಯಲ್ಲಿ ಚಿತ್ರಾನ್ನ ತಂದರು. ತಂದವರು ಹೋಗದೆ ಬೆಂಚಿನ ಮೇಲೆ ಕೂತು, ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ನಾನು ಕೈ ತೊಳೆಯದೆ ಡಿಸ್ಕನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಮೈಮೇಲೆ ಅಂಟಿಸಿದ ಚೀಟಿಯ ಮೂಲೆಯಲ್ಲಿ ಇರುವೆ ಸಾಲಿನಷ್ಟು ಚಿಕ್ಕ ಅಕ್ಷರ, ಪಕ್ಕದಲ್ಲೊಂದು ಪುಟ್ಟ ಚಿತ್ರ. ತಂತಿ ಸಿಕ್ಕಿಸುವ ಜಾಗದ ಮಗ್ಗುಲಿಗೆ ಪಿನ್ನುಗಳ ಎರಡು ಸಾಲು, ಅದರಲ್ಲಿ ಒಂದು ಜೊತೆಗೆ ಟೊಪ್ಪಿ ಹಾಕಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ ಎಂದಿತ್ತು. ನಮ್ಮಪ್ಪನ ಅಂಗಡಿಯಲ್ಲಿ ಇಂಥದ್ದನ್ನು ಒಂದೇ ಒಂದು ಸಲ ನೋಡಿದ್ದೆ. ಮರೆತೇಬಿಟ್ಟಿದ್ದೆ. ನನ್ನ ಹಣೆಗೆ ನಾನೇ ಹೊಡೆದುಕೊಂಡೆ, ಆ ಶಬ್ದಕ್ಕೆ ಶೇಷಗಿರಿಯವರು ಬೆಚ್ಚಿದರು.

‘ಏನಾಯ್ತು ತಂಗಿ?’

‘ತಪ್ಪು ಯಾರದ್ದೂ ಅಲ್ಲ ಸರ್. ಇದು ಹೊಸಬ, ಮಾತು ಜೋರು ಓಟ. ಅದು ಹಳಬ, ಅಷ್ಟು ಬೇಗ ಬೇಗ ಹೇಳಿದ್ರೆ ಒಂದಕ್ಷರಾನೂ ತಿಳಿಯಲ್ಲ. ತಿಳೀದೆ ಇದ್ರೆ ಯಾರೂ ಇಲ್ಲ ಅಂತ ಸುಮ್ಮನಾಗುತ್ತೆ. ಇದಕ್ಕೆ ಸ್ವಲ್ಪ ನಿಧಾನ ಮಾತಾಡೋ ಅಂತ ಹೇಳ್ಬೇಕು. ಅದಕ್ಕೊಂದು ಜಂಪರ್ ಬೇಕು, ಜೋಳದ ಕಾಳಿನಷ್ಟು ಪ್ಲಾಸ್ಟಿಕ್ ಟೊಪ್ಪಿ.’

ಕಚೇರಿಯ ಕೆಟ್ಟ ಸಾಮಾನಿನ ಬೀರುವಿನಲ್ಲಿ ಸತ್ತ ಸಿಡಿ ಡ್ರೈವೊಂದು ಸಿಕ್ಕಿತು. ಅದರ ಬೆನ್ನಿನಿಂದ ಜಂಪರನ್ನು ಉಗುರಿನಲ್ಲಿ ಕಿತ್ತೆ. ಒಂದು ಸಲ ಕೈಜಾರಿ ಬಿತ್ತು. ಶೇಷಗಿರಿಯವರೂ ಅತ್ತೆಯೂ ಮಂಡಿಯೂರಿ ಮೇಜಿನ ಕೆಳಗೆ ತಡಕಿದರು. ಸಿಕ್ಕಿದ್ದು ಅತ್ತೆಗೆ. ಅವರು ಅದನ್ನು ಅಂಗೈಯಲ್ಲಿಟ್ಟು, ಎಂದಿನಂತೆ ನನ್ನ ಭುಜದ ಪಕ್ಕಕ್ಕೆ ಚಾಚಿದರು. ಟೊಪ್ಪಿ ಹಾಕಿದೆ, ತಂತಿ ಸಿಕ್ಕಿಸಿದೆ, ಗುಂಡಿ ಒತ್ತಿದೆ. ಪರದೆ ಮಿಣುಕಿತು. ಹಳೆಯ ಡಿಸ್ಕಿನ ಹೆಸರು ಬಂತು. ಅದರ ಕೆಳಗೆ, ಒಂದು ಉಸಿರು ತಡವಾಗಿ, ಹೊಸದರ ಹೆಸರೂ ಬಂತು.

ಶೇಷಗಿರಿಯವರು ಕಣ್ಣೊರೆಸಿಕೊಂಡರು. ಹಳೆಯ ದಾಖಲೆಗಳೆಲ್ಲ ಹೊಸ ಡಿಸ್ಕಿಗೆ ಹೋಗಿ ಮುಗಿದಾಗ ನಾಲ್ಕೂ ಕಾಲು. ‘ಇನ್ನು ನೂರು ವರ್ಷ ಜಾಗಕ್ಕೆ ಬರ ಇಲ್ಲ. ಎಷ್ಟು ಬೇಕಾದ್ರೂ ಬರೀಬಹುದು’ ಎಂದು ಕುರ್ಚಿ ಎಳೆದುಕೊಂಡು ಕೂತು, ಹೊಸ ಪುಟ ತೆರೆದರು. ‘ಹೇಳಿ ಪುಟ್ಟಗೌರಮ್ಮ. ಹೆಸರು ವನಮಾಲ. ನಿಮ್ಮ ಸೊಸೆ. ದೂರು?’

ಅತ್ತೆ ಮತ್ತೆ ಸೆರಗಿನ ಅಂಚನ್ನು ಸುತ್ತತೊಡಗಿದರು. ಗೋಡೆಯ ಗಡಿಯಾರ ಟಿಕ್ಕೆನ್ನುತ್ತಿತ್ತು. ನಾಲ್ಕೂವರೆ ಆಯಿತು. ‘ನನ್ ಸೊಸೆ ಮೇಲೆ ಏನಂತ ಹೇಳ್ಲಿ ಶೇಷಗಿರಿ, ಬಂಗಾರದಂಥ ಹುಡುಗಿ’ ಎಂದರು. ಪರದೆಯ ಮೇಲೆ ‘ಬಂಗಾರ’ ಎಂದು ಟೈಪಾಯಿತು. ಕಂಪ್ಯೂಟರು ಅದನ್ನು ತಿರಸ್ಕರಿಸಿತು. ನಾಲ್ಕೂ ಮುಕ್ಕಾಲಾಯಿತು.

ನನಗೆ ಒಂಬತ್ತು ತಿಂಗಳ ಸಿಟ್ಟು ಒಟ್ಟಿಗೆ ಬಂತು. ‘ಅತ್ತೆ, ಒಂದೇ ಮನೇಲಿ ಇದೀವಿ, ಒಂದೇ ಒಲೆ. ಇಷ್ಟು ದಿನದಲ್ಲಿ ನಿಮಗೆ ನನ್ನ ಮೇಲೆ ಒಂದು ಬೇಜಾರು ಹುಟ್ಟಲಿಲ್ಲ ಅಂದ್ರೆ, ನಾನು ಆ ಮನೇಲಿ ಇರಲೇ ಇಲ್ಲ ಅಂತ ಅರ್ಥ. ಕಟ್ಟೆ ಮೇಲಿನ ಕೆಮ್ಮಿಗಾದ್ರೂ ಜನ ನಮಸ್ಕಾರ ಅಂತಾರೆ. ಆ ಡಿಸ್ಕಿಗೆ ಸಿಕ್ಕಷ್ಟು ಗಮನ ನನಗೆ ನಿಮ್ಮಿಂದ ಸಿಗಲಿಲ್ಲ’ ಎಂದೆ. ಕಾಣದವಳು ಅಳುವುದು ಕೇಳಿಸುತ್ತದಲ್ಲ, ಅದೊಂದು ಅವಮಾನ ಬೇಡವೆಂದು ಮೂಲೆಯ ಸಿಂಕಿನ ಹತ್ತಿರ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೀರು ಭರ್ರೆಂದು ಬಿತ್ತು. ನಾನು ಗೋಡೆಗೆ ಹಣೆ ಹಚ್ಚಿ ಅಳತೊಡಗಿದೆ.

‘ನೋಡಿ’ ಎಂದರು ಅತ್ತೆ, ಬೆಂಚಿನಿಂದ ಎದ್ದು. ಅವರ ದನಿ ನನಗೆ ಹೊಸದಾಗಿತ್ತು. ‘ನೋಡಿ ಶೇಷಗಿರಿ, ಇದೇ. ಅಳೋದಾದ್ರೆ ಇವಳು ನಲ್ಲಿ ಬಿಟ್ಕೊಂಡು ಅಳ್ತಾಳೆ. ಬಚ್ಚಲಮನೇಲಿ ದಿನಾ ಇದೇ ಕಥೆ. ಟ್ಯಾಂಕಿನ ನೀರೆಲ್ಲ ಖಾಲಿ. ನಂಗೇನು ಕಿವಿ ಕೇಳಲ್ವಾ? ನಲ್ಲಿ ಸದ್ದಿನ ಒಳಗೆ ಅಳೋ ಸದ್ದು ಬೇರೆ ಮಾಡಿ ಕೇಳೋಕೆ ಬರಲ್ವಾ? ಬಾಗಿಲ ಹೊರಗೆ ನಿಂತು ನಂಗೆ ಕಾಲು ನೋವು ಬಂತು. ಒಂದು ದಿನ, ಒಂದೇ ಒಂದು ದಿನ ಬಂದು ಅತ್ತೆ, ನಂಗೆ ಹಿಂಗಾಗ್ತಿದೆ ಅನ್ನಲಿಲ್ಲ. ಅದಕ್ಕೇ ನಂಗೆ ಹೊಟ್ಟೆ ಉರಿಯೋದು. ಬರ್ಕೊಳ್ಳಿ.’

ಶೇಷಗಿರಿಯವರು ಎರಡು ಬೆರಳಲ್ಲಿ ಟೈಪು ಮಾಡಿ ಗುಂಡಿ ಒತ್ತಿದರು. ಕಟಕಟ ಇಲ್ಲ, ಸದ್ದೇ ಇಲ್ಲ. ಸಿಂಕಿನ ಮೇಲಿನ ಮಾಸಿದ ಕನ್ನಡಿಯಲ್ಲಿ ಒಂಬತ್ತು ತಿಂಗಳ ಮೇಲೆ ನನಗೆ ನನ್ನ ಮುಖ ಕಂಡಿತು, ಮೂಗು ಕೆಂಪಾಗಿತ್ತು, ಹಣೆಯ ಮೇಲೆ ಸುಣ್ಣ ಹತ್ತಿತ್ತು.

‘ಆಯ್ತು ಪುಟ್ಟಗೌರಮ್ಮ, ದಾಖಲಾಯ್ತು’ ಎಂದರು ಶೇಷಗಿರಿಯವರು.

‘ಎಲ್ಲಿ ಆಯ್ತು? ಸೌಟು ಬಚ್ಚಿಟ್ಟಿದ್ದು ಇವಳೇ, ಅಕ್ಕಿ ಡಬ್ಬಿಯಲ್ಲಿತ್ತು. ಬರ್ಕೊಳ್ಳಿ. ಉಪ್ಪು ತಿಂದು ನಂಗೆ ಎರಡು ದಿನ ಬಾಯಾರಿಕೆ. ಫ್ಯಾನು ಆರಿಸಲ್ಲ. ಬೆಲ್ಲದ ಕೊನೇ ಚೂರು ತಿಂದು ಖಾಲಿ ಡಬ್ಬಿ ಹಂಗೇ ಇಡ್ತಾಳೆ. ಒದ್ದೆ ಕಾಲಲ್ಲಿ ನಡುಮನೇಲಿ ಓಡಾಡ್ತಾಳೆ, ಆ ಹೆಜ್ಜೆ ಒರೆಸೋಕೆ ನಂಗೆ ಮನಸ್ಸೇ ಬರಲ್ಲ, ಒಣಗೋ ತನಕ ನೋಡ್ತಾ ಕೂತ್ಕೊಂಡು ನನ್ನ ಕೆಲಸ ಎಲ್ಲ ಹಿಂದೆ ಬೀಳುತ್ತೆ.’

‘ಒಂದು ಸಾಕಮ್ಮ, ನಿಯಮದಲ್ಲಿ ಒಂದೇ ಇರೋದು.’

‘ಜಾಗಕ್ಕೆ ಬರ ಇಲ್ಲ ಅಂದ್ರಲ್ಲ ಆಗಲೇ.’

ಐದು ಹೊಡೆಯುವ ತನಕ ಬರೆಸಿದರು. ಒಟ್ಟು ಹದಿನೇಳು. ಒಂದೊಂದೂ ನಿಜ. ಕಾಣದವಳ ಬಗ್ಗೆ ಅಷ್ಟೊಂದು ತಿಳಿದುಕೊಂಡವರು ಇನ್ನು ಯಾರಿದ್ದಾರೆ ಎಂದು ಯೋಚಿಸುತ್ತಾ ನಾನು ನಲ್ಲಿ ಮುಚ್ಚುವುದನ್ನೂ ಮರೆತು ನಿಂತಿದ್ದೆ. ಕೊನೆಗೆ ಅವರೇ ಬಂದು ಮುಚ್ಚಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೇಳಿದ್ರೆ ಬೇಜಾರಾಗಿ ನಿಮ್ಮೂರಿಗೆ ಹೊರಟುಹೋಗ್ತೀಯೇನೋ ಅಂತ ಹೆದರಿಕೆ. ಹೋದ್ರೂ ನಂಗೆ ಗೊತ್ತಾಗಲ್ವಲ್ಲ, ನೀನು ಕಾಣೋದೇ ಇಲ್ಲ’ ಎಂದರು.

ಮೆಟ್ಟಿಲಿಳಿದು ಬೀದಿಗೆ ಬಂದೆವು. ಎದುರಿಗೆ ಬಂದ ಸೈಕಲ್ಲಿನವನೊಬ್ಬ ನನಗೆ ಡಿಕ್ಕಿ ಹೊಡೆಯುವಂತಾಗಿ, ‘ಕಣ್ಣು ಕಾಣಲ್ವೇನಮ್ಮ’ ಎಂದು ಬೈದು ಹೋದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಗಲೇ ನನ್ನ ಎರಡೂ ಕೈ ಬರಿದಾಗಿರುವುದು ಅತ್ತೆಗೆ ಕಂಡಿತು. ಅವರು ನಿಂತರು, ಅವರ ಕಣ್ಣು ನನ್ನ ಎಡಭುಜದ ಪಕ್ಕದಿಂದ ಒಂದು ಗೇಣು ಕೆಳಗಿಳಿದು, ನೇರ ನನ್ನ ಕಣ್ಣನ್ನೇ ನೋಡಿತು.

‘ತಂಬಿಗೆ ಅಲ್ಲೇ ಬಿಟ್ಟು ಬಂದೆಯಲ್ಲೇ’ ಎಂದರು. ‘ನಡಿ ವಾಪಸ್ಸು. ಹದಿನೆಂಟನೇದು ಬರೆಸಿ ಬರೋಣ.’